ಹೆಸರಿನ ಜಾಗ

ಅವರು ತೀರಿಕೊಂಡ ಸುದ್ದಿ ನನಗೆ ವಾಟ್ಸಾಪಿನಲ್ಲಿ ಬಂತು. ಬೆಳಿಗ್ಗೆ ಹತ್ತೂವರೆ ಇರಬೇಕು. ಸೋಮವಾರಪೇಟೆಯ ನನ್ನ ಸ್ಟುಡಿಯೋದಲ್ಲಿ ಕೂತು ಒಂದು ಮದುವೆಯ ವಿಡಿಯೋ ಎಡಿಟ್ ಮಾಡುತ್ತಿದ್ದೆ. ಸಂದೇಶದ ಜೊತೆಗಿದ್ದ ಫೋಟೋ ನಾನೇ ತೆಗೆದದ್ದು. ಯಾವುದೋ ಚಪ್ಪರದಡಿ ಅವರು ಬಾಯಿ ತೆರೆದು ಹಾಡುತ್ತಿದ್ದಾಗಿನ ಚಿತ್ರ. ಅಕ್ಕಪಕ್ಕದವರನ್ನೆಲ್ಲ ಕತ್ತರಿಸಿ ತೆಗೆದು, ಸುತ್ತ ಹೂವಿನ ಚೌಕಟ್ಟು ಹಾಕಿ, ಕೆಳಗೆ 'ಓಂ ಶಾಂತಿ' ಎಂದು ಬರೆದಿದ್ದರು. ನೋಡಿದೆ. ಫೋನನ್ನು ಮಗುಚಿ ಇಟ್ಟೆ. ವಿಡಿಯೋದಲ್ಲಿ ಧಾರೆಯ ಭಾಗ ಬಾಕಿಯಿತ್ತು, ಅದನ್ನು ಮುಗಿಸಿದೆ. ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅನ್ನಕ್ಕೆ ಸಾರು ಬಡಿಸಿಕೊಂಡು ಊಟ ಮಾಡಿದೆ. ಉಪ್ಪು ಕಡಿಮೆಯಾಗಿತ್ತು ಎಂಬುದು ನೆನಪಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರಷ್ಟು ಎಚ್ಚರದಿಂದ ಇದ್ದವರನ್ನು ನಾನು ಕಂಡಿಲ್ಲ. ಅವರನ್ನು ಕೇಳದೆ ಬರೆಯುವುದು ಸರಿಯಲ್ಲ, ಕೇಳಲು ಈಗ ಅವರಿಲ್ಲ. ಊರಿನವರಂತೆ ನಾನೂ ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ.

ನಮ್ಮ ಉತ್ತರ ಕೊಡಗಿನ ಕಡೆ ಮದುವೆಗೆ ಸೋಬಾನೆ ಪದ ಹೇಳುವವರು ಒಂದು ಕಾಲದಲ್ಲಿ ಊರಿಗೊಬ್ಬರಾದರೂ ಇದ್ದರಂತೆ. ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆಮನೆಗಳನ್ನು ಸುತ್ತಲು ಶುರು ಮಾಡಿದ ಹೊತ್ತಿಗೆ ಏಳೆಂಟು ಊರುಗಳಿಗೆ ಸೇರಿ ಅವರೊಬ್ಬರು ಉಳಿದಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಹಣೆಗೆ ವಿಭೂತಿ, ಬಾಯಲ್ಲಿ ಸದಾ ಒಂದು ಚೂರು ಒಣಶುಂಠಿ. ಮನೆಗೆ ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ ಇತ್ತು. ಯಜಮಾನರು ಮಾತು ಕಡಿಮೆಯ ಮನುಷ್ಯ. ಹೆಂಡತಿ ಮದುವೆಮನೆಗೆ ಹೊರಟರೆ ಟಾರ್ಚು, ಕೊಡೆ ತಂದುಕೊಟ್ಟು ಬಸ್ಸಿನ ತನಕ ಬಂದು ಹೋಗುತ್ತಿದ್ದರು.

ದೊಡ್ಡಮ್ಮನ ಪದ್ಧತಿ ಬೇರೆಯವರಂತೆ ಇರಲಿಲ್ಲ. ಮದುವೆಯ ಹಿಂದಿನ ದಿನ, ಚಪ್ಪರ ಹಾಕುವ ಮಧ್ಯಾಹ್ನವೇ ಬಂದುಬಿಡುತ್ತಿದ್ದರು. ನೇರ ಅಡುಗೆಮನೆಗೆ ಹೋಗಿ, ಒಂದು ಮಣೆ ಎಳೆದುಕೊಂಡು, ಬೆಳ್ಳುಳ್ಳಿ ಸುಲಿಯುವ ಹೆಂಗಸರ ನಡುವೆ ಕೂರುತ್ತಿದ್ದರು. ಅಲ್ಲಿಂದ ವಿಚಾರಣೆ ಶುರು.

"ಹುಡುಗಿ ಹುಟ್ಟಿದ್ದು ಮಳೆಗಾಲದಲ್ಲೋ ಬ್ಯಾಸಿಗೇಲೋ?"

"ಶಾಲೆಗೆ ಯಾವ ದಾರೀಲಿ ಹೋಗ್ತಿದ್ಲು?"

"ಮನೇಲಿ ಏನಂತ ಕರೀತೀರಿ?"

ಕೇಳಿದ್ದನ್ನು ಬರೆದುಕೊಳ್ಳುತ್ತಿರಲಿಲ್ಲ. ಬರೆಯಲು ಬರುತ್ತಿತ್ತು, ಆದರೂ ಬರೆಯುತ್ತಿರಲಿಲ್ಲ. ಮರುದಿನ ಅರಿಶಿನ ಹಚ್ಚುವಾಗ ಅದೆಲ್ಲ ಪದದೊಳಗೆ ಬಂದು ಕೂತಿರುತ್ತಿತ್ತು. ಹಳೆಯ ಧಾಟಿ, ಹಳೆಯ ಸಾಲು. ಆದರೆ ಸಾಲಿನ ನಡುವೆ ಆ ಹುಡುಗಿ ಹಾಲು ಕರೆಯುತ್ತಿದ್ದ ಹಸು, ಅವಳು ಬಿದ್ದು ಮೊಣಕಾಲು ತರಚಿಕೊಂಡ ಕಟ್ಟೆ, ಅವಳ ಹೆಸರು. ಗಂಡಿನ ಕಡೆಯವರನ್ನು ಹಾಸ್ಯ ಮಾಡುವ ಪದದಲ್ಲಂತೂ ಅವರಿಗೆ ಕರುಣೆಯೇ ಇರಲಿಲ್ಲ. ಒಮ್ಮೆ ಗಂಡು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದನ್ನು ಪದದಲ್ಲಿ ಹೇಳಿಬಿಟ್ಟರು. ಗಂಡಿನ ಸೋದರಮಾವ ಎದ್ದು ನಿಂತು ಸಿಟ್ಟಾದರೆ, "ಕೂತ್ಕೊಳಪ್ಪ, ಪದದಲ್ಲಿ ಹೇಳಿದ್ದಕ್ಕೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗಲ್ಲ" ಎಂದು ಮುಂದಿನ ಸಾಲಿಗೆ ಹೋದರು. ಆ ಮಾವನೂ ನಕ್ಕ.

ಚೆಟ್ಟಳ್ಳಿ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳ ಮದುವೆ ನನಗೆ ಚೆನ್ನಾಗಿ ನೆನಪಿದೆ. ಆ ಹುಡುಗಿಗೆ ತಾಯಿ ಇರಲಿಲ್ಲ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಿದ್ದರು. ದೊಡ್ಡಮ್ಮ ಎಂದಿನಂತೆ, "ತಾಯಿ ಏನಂತ ಕರೀತಿದ್ಲು?" ಎಂದು ಕೇಳಿದರು. ಅಡುಗೆಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಂದೆಯನ್ನು ಕರೆಸಿದರು. ಅವರು ಬಾಗಿಲ ಬಳಿ ನಿಂತು, "ಅದೇನೋ ಒಂದು ಹೆಸರಿತ್ತಮ್ಮ, ಅವ್ರಿಬ್ರೇ ಇದ್ದಾಗ ಕರೀತಿದ್ಲು. ನಂಗೆ ಕೇಳಿಸ್ತಿರಲಿಲ್ಲ" ಎಂದರು. ದೊಡ್ಡಮ್ಮ ಕೈಯೊರೆಸಿಕೊಂಡು ಒಳಕೋಣೆಗೆ ಹೋಗಿ, ಮದುಮಗಳ ಬಾಯಿಗೆ ಕಿವಿಯಿಟ್ಟು ಕೇಳಿಕೊಂಡು ಬಂದರು. ಮರುದಿನ ಅರಿಶಿನದ ಪದದಲ್ಲಿ ಆ ಹೆಸರು ಬಂತು. ಮದುಮಗಳು ಅಳುವುದನ್ನು ನಾನು ನೂರಾರು ಸಲ ಶೂಟ್ ಮಾಡಿದ್ದೇನೆ. ಈ ಹುಡುಗಿ ಅಳಲಿಲ್ಲ. ತಟ್ಟನೆ ತಿರುಗಿ ಹಿಂದೆ ನೋಡಿದಳು. ಹಿಂದೆ ಗೋಡೆಯಿತ್ತು.

ಒಂದು ದಿನ ಮಡಿಕೇರಿ ಕಡೆಯ ಒಬ್ಬ ಕಾಲೇಜು ಮೇಷ್ಟ್ರು ನನ್ನ ಸ್ಟುಡಿಯೋಗೆ ಬಂದರು. ಒಳ್ಳೆಯ ಮನುಷ್ಯ, ಉತ್ಸಾಹಿ. ಅಳಿದು ಹೋಗುತ್ತಿರುವ ಹಾಡುಗಳನ್ನು ರೆಕಾರ್ಡ್ ಮಾಡಿ ವೆಬ್‌ಸೈಟಿಗೆ ಹಾಕುವ ಒಂದು ಯೋಜನೆ ಅವರ ಕೈಯಲ್ಲಿತ್ತು. ಒಳ್ಳೆಯ ಮೈಕು ನನ್ನಲ್ಲಿದೆ ಎಂದು ಯಾರೋ ಹೇಳಿದ್ದರು. ದೊಡ್ಡಮ್ಮನನ್ನು ಒಪ್ಪಿಸಿ ಕರೆತಂದವನು ನಾನು. ಸ್ಟುಡಿಯೋದ ಹಿಂದಿನ ಕೋಣೆಯ ಗೋಡೆಗೆ ಮೊಟ್ಟೆ ಟ್ರೇಗಳನ್ನು ಅಂಟಿಸಿ, ಕಿಟಕಿಗೆ ಕಂಬಳಿ ಕಟ್ಟಿ ಸಿದ್ಧ ಮಾಡಿದ್ದೆ.

ದೊಡ್ಡಮ್ಮ ಕೂತರು. ಮೈಕನ್ನು ಒಂದು ಸಲ ಸುತ್ತಲೂ ನೋಡಿದರು.

"ಇದಕ್ಕೆ ಕಿವಿ ಐತೆ, ಮುಖ ಇಲ್ಲ" ಎಂದರು. "ಯಾರ ಮದುವೆ ಇದು?"

"ಯಾರ ಮದುವೆಯೂ ಅಲ್ಲಮ್ಮ. ಸುಮ್ಮನೆ ಸಂಗ್ರಹಕ್ಕೆ" ಎಂದರು ಮೇಷ್ಟ್ರು.

"ಯಾರದ್ದೂ ಅಲ್ಲದ ಮದುವೆಗೆ ಪದ ಹೆಂಗೆ ಹೇಳೋದು?"

"ಹೆಸರಿನ ಜಾಗ ಬಿಟ್ಟು ಹಾಡಿ."

"ಹೆಸರು ಬಿಟ್ರೆ ಪದ ಕುಂಟ್ತೈತೆ."

ಹೊರಗಿದ್ದ ನನ್ನ ಹೆಂಡತಿಯನ್ನು ಕರೆದು ಎದುರು ಕೂರಿಸಿದೆವು. ಮುಖವೊಂದು ಸಿಕ್ಕಿತು. ಇವಳ ಹೆಸರನ್ನೇ ಹಾಕಿ ಹಾಡಿ ಎಂದೆ. "ಇವಳದ್ದು ಆಗೋಗೈತಲ್ಲೋ. ಇನ್ನೊಂದು ಮದುವೆ ಮಾಡಿಸ್ತೀಯಾ?" ಎಂದರು. ನಕ್ಕೆವು. ಹಾಗಾದರೆ ನನ್ನ ಅಕ್ಕನ ಮಗಳ ಹೆಸರು ಹೇಳಿ ಎಂದೆ. ಅವರು ನಗಲಿಲ್ಲ. "ಬ್ಯಾಡ. ಇನ್ನೂ ಮದುವೆ ಗೊತ್ತಾಗದ ಹುಡುಗೀರ ಹೆಸರು ಪದದಲ್ಲಿ ಹಿಡೀಬಾರದು."

ಬಾಯಲ್ಲಿದ್ದ ಶುಂಠಿಯನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. "ಸರಿ, ಹಾಕು ಮೆಷಿನ್ನು" ಎಂದು ಶುರು ಮಾಡಿದರು. ಪದದಲ್ಲಿ ಒಂದು ಹೆಸರು ಬಂತು. ನಮ್ಮ ಕಡೆ ಮನೆಗೊಬ್ಬರಿಗೆ ಇರುವಂಥ ಮೂರಕ್ಷರದ ಹೆಸರು. ಕಾಫಿ ಗಿಡ ಹೂಬಿಡಿಸುವ ಹೂಮಳೆ ಬಿದ್ದ ವಾರ ಹುಟ್ಟಿದವಳು, ಹಳ್ಳ ದಾಟಿ ಶಾಲೆಗೆ ಹೋದವಳು ಎಂದೆಲ್ಲ ಬಂತು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಾರೆ ಎಂದುಕೊಂಡೆ. ನಾನು ಸೌಂಡ್ ಲೆವೆಲ್ ನೋಡುತ್ತಿದ್ದೆ.

ಎರಡು ದಿನದಲ್ಲಿ ಹನ್ನೊಂದು ಪದಗಳಾದವು. ಮುಗಿದ ಮೇಲೆ ಮೇಷ್ಟ್ರು ಸಂತೋಷದಿಂದ, "ಇನ್ನು ನೂರು ವರ್ಷ ಇರುತ್ತಮ್ಮ ಇದು" ಎಂದರು.

"ನೂರು ವರ್ಷ ಯಾರು ಮದುವೆ ಆಗ್ತಾರಪ್ಪ?" ಎಂದು ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡರು.

ನೂರು ವರ್ಷದ ಮಾತು ಹಾಗಿರಲಿ, ಮೂರ್ನಾಲ್ಕು ವರ್ಷದೊಳಗೆ ಯೋಜನೆ ಮುಗಿಯಿತು. ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ವೆಬ್‌ಸೈಟು ನಡೆಸುವವರು ಯಾರೂ ಇರಲಿಲ್ಲ. ಒಂದು ದಿನ ಯಾರಿಗೋ ತೋರಿಸೋಣವೆಂದು ತೆರೆದರೆ, ಈ ಪುಟ ಸಿಗುತ್ತಿಲ್ಲ ಎಂದು ಬಂತು. ಮೇಷ್ಟ್ರಿಗೆ ಫೋನ್ ಮಾಡಿದೆ. "ಹೌದಾ? ಛೆ" ಎಂದರು. ಅವರ ಹಾರ್ಡ್ ಡಿಸ್ಕ್ ಕೂಡ ಕೆಟ್ಟಿತ್ತಂತೆ. ಉಳಿದದ್ದು ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿ ಮಾತ್ರ.

ಆ ವರ್ಷ ಕಾಫಿ ಒಣಗಿಸುವ ಕಣದಲ್ಲಿ ಕಾಲು ಜಾರಿ ದೊಡ್ಡಮ್ಮನ ಸೊಂಟಕ್ಕೆ ಪೆಟ್ಟಾಯಿತು. ಎರಡು ತಿಂಗಳು ಮಲಗಿದರು. ಅವರನ್ನೇ ನಂಬಿ ಕೂತಿದ್ದ ಒಂದು ಮದುವೆಮನೆಯವರು ನನ್ನ ಬಳಿ ಬಂದು, ನಿಮ್ಮ ಹತ್ತಿರ ರೆಕಾರ್ಡಿಂಗ್ ಇದೆಯಂತಲ್ಲ, ಕೊಡಿ ಎಂದರು. ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ದೊಡ್ಡಮ್ಮನಿಗೂ ಹೇಳಲಿಲ್ಲ. ಹೇಳಬೇಕೆಂದು ತೋಚಲಿಲ್ಲ.

ಮದುವೆಯಲ್ಲಿ ಆ ಪದಗಳನ್ನು ಸ್ಪೀಕರಿನಲ್ಲಿ ಹಾಕಿದರು. ಎಲ್ಲರಿಗೂ ಇಷ್ಟವಾಯಿತು. ಯಾರೋ ಫೋನಿಗೆ ಹಾಕಿಕೊಂಡರು, ಅವರಿಂದ ಇನ್ಯಾರೋ. ಮುಂದಿನ ಮದುವೆ ಸೀಸನ್ನಿಗೆ ನಾನು ಹೋದ ಕಡೆಯೆಲ್ಲ ಅದೇ. ಶನಿವಾರಸಂತೆಯಲ್ಲಿ ಅದೇ, ಸುಂಟಿಕೊಪ್ಪದ ಕಲ್ಯಾಣಮಂಟಪದಲ್ಲಿ ಅದೇ. ದೊಡ್ಡಮ್ಮನ ಸೊಂಟ ಸರಿಹೋಗಿ ಓಡಾಡುವಂತಾದಾಗ ಅವರನ್ನು ಕರೆಯುವವರು ಇರಲಿಲ್ಲ. "ಪಾಪ, ವಯಸ್ಸಾದವರಿಗೆ ಯಾಕೆ ತೊಂದರೆ" ಎನ್ನುತ್ತಿದ್ದರು ಜನ. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಹಾಡು ಸಿಗುತ್ತಿತ್ತಲ್ಲ.

ಸ್ಪೀಕರಿನಲ್ಲಿ ಆ ಮೂರಕ್ಷರದ ಹೆಸರು ಬರುತ್ತಿತ್ತು. ಮದುಮಗಳ ಹೆಸರು ಬೇರೆ ಏನೇ ಇರಲಿ, ಅರಿಶಿನ ಹಚ್ಚುವಾಗ ಆ ಹೆಸರು. ಯಾರೂ ಗಮನಿಸುತ್ತಿರಲಿಲ್ಲ. ಗಮನಿಸಿದವರು, ಹಳೇ ಹಾಡಲ್ವಾ, ಅದರಲ್ಲಿ ಹಾಗೇ ಇದೆ ಎನ್ನುತ್ತಿದ್ದರು. ನಾನು ಗಮನಿಸಿದ್ದೆ. ಏನೂ ಹೇಳಲಿಲ್ಲ.

ಆಮೇಲೆ ದೊಡ್ಡಮ್ಮ ಮದುವೆಗಳಿಗೆ ಬರತೊಡಗಿದರು. ಹಾಡಲಿಕ್ಕೆ ಕರೆದದ್ದಕ್ಕೆ ಬಂದದ್ದಲ್ಲ, ನೆಂಟರಂತೆ ಬಂದದ್ದು. ಕೆಲವು ಕಡೆ ಕರೆಯೋಲೆಯೂ ಹೋಗಿರುತ್ತಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಅರಿಶಿನದ ಹೊತ್ತಿಗೆ ಮದುಮಗಳ ಹತ್ತಿರದ ಜಾಗ ಹುಡುಕಿ ಕೂರುತ್ತಿದ್ದರು. ಪದ ಮುಗಿದ ಮೇಲೆ ಅಕ್ಷತೆ ಹಾಕಿ, ಎಷ್ಟೋ ಸಲ ಊಟಕ್ಕೂ ನಿಲ್ಲದೆ ಹೊರಡುತ್ತಿದ್ದರು. ಜನ ತಮಗೆ ತೋಚಿದ್ದು ಆಡಿಕೊಂಡರು. ಕರೆಯದಿದ್ದರೂ ಬರ್ತಾರೆ, ಅಭ್ಯಾಸ ಬಿಡಲ್ಲ ಎಂದರು ಒಬ್ಬರು. ತನ್ನ ದನಿ ತಾನೇ ಕೇಳೋ ಆಸೆ ಎಂದರು ಇನ್ನೊಬ್ಬರು. ನಾನೂ ಅದನ್ನೇ ನಂಬಿದ್ದೆ.

ಒಂದು ಮದುವೆಯಲ್ಲಿ ಕ್ಯಾಮೆರಾವನ್ನು ಮದುಮಗಳ ಮುಖದಿಂದ ಪಕ್ಕಕ್ಕೆ ಸರಿಸಿದಾಗ ದೊಡ್ಡಮ್ಮ ಚೌಕಟ್ಟಿನೊಳಗೆ ಬಂದರು. ಅವರ ತುಟಿ ಅಲ್ಲಾಡುತ್ತಿತ್ತು. ಹತ್ತಿರ ಎಳೆದು ನೋಡಿದೆ. ಸ್ಪೀಕರಿನ ಪದದ ಜೊತೆಜೊತೆಗೆ ಸಣ್ಣಗೆ ಹೇಳುತ್ತಿದ್ದರು. ಆದರೆ ಆ ಹೆಸರು ಬರುವ ಕಡೆ ಅವರ ತುಟಿ ಬೇರೆ ಏನೋ ಹೇಳುತ್ತಿತ್ತು. ಎಲ್ಲ ಸಲವೂ. ಶೂಟ್ ಮಾಡುತ್ತಾ ಹೋದೆ.

ಅವತ್ತು ಅವರನ್ನು ನನ್ನ ಓಮ್ನಿಯಲ್ಲಿ ಮನೆಗೆ ಬಿಟ್ಟೆ. ದಾರಿಯಲ್ಲಿ, "ಹೆಂಗಿತ್ತು ದೊಡ್ಡಮ್ಮ, ನಿಮ್ಮ ಪದ?" ಎಂದು ಕೇಳಿದೆ.

"ಚೆನ್ನಾಗೈತೆ. ನಾನು ಉಸಿರು ತಗೊಳ್ಳೋ ಕಡೆಯೆಲ್ಲ ಅದೂ ತಗೊಳ್ತೈತೆ" ಎಂದರು.

ಅವರು ಒಳಗೆ ಹೋದ ಮೇಲೆ ಸೊಸೆ ಗೇಟಿನ ತನಕ ಬಂದಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು. ಅತ್ತೆಯ ಹಾಗಲ್ಲ, ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಗೇಟಿನ ಸರಳು ಹಿಡಿದುಕೊಂಡು ಕೇಳಿದಳು.

"ಅಣ್ಣ, ಆ ರೆಕಾರ್ಡಿಂಗಲ್ಲಿರೋ ಹೆಸ್ರು ಯಾರದ್ದು ಅಂತ ನಿಮಗೆ ಗೊತ್ತಾ?"

"ಇಲ್ಲ."

"ನಮ್ಮ ನಾದಿನಿದು. ನಾನು ಈ ಮನೆಗೆ ಬರೋಕೆ ಮುಂಚೇನೇ ಹೋಗ್ಬಿಟ್ಟಿದ್ರು. ಜ್ವರ ಬಂದು. ಮದುವೆ ಮಾತುಕತೆ ಶುರುವಾಗಿತ್ತಂತೆ, ಅಷ್ಟರಲ್ಲಿ."

ನಾನು ಓಮ್ನಿಯ ಬಾಗಿಲು ಹಿಡಿದು ನಿಂತಿದ್ದೆ.

"ಬದುಕಿರೋ ಹುಡುಗೀರ ಹೆಸ್ರು ಹಾಕಿದ್ರೆ ಅವ್ರಿಗೆ ಏನಾದ್ರೂ ಆದೀತು ಅಂತ ಅತ್ತೆ ಆ ಹೆಸ್ರು ಹಾಕಿದ್ದು. ಅದು ಬರೀ ಮೆಷಿನ್ನಿಗೆ, ಯಾರ ಮದುವೇನೂ ಅಲ್ಲ ಅಂತ ಆ ಮೇಷ್ಟ್ರೇ ಹೇಳಿದ್ರಂತಲ್ಲ. ಈಗ ನೋಡಿದ್ರೆ ಎಲ್ಲಾ ಮದುವೇಲೂ ಅದೇ ಬರ್ತಿದೆ. ಸತ್ತವಳ ಹೆಸ್ರು ಮದುಮಕ್ಕಳ ತಲೆ ಮೇಲೆ ಬೀಳ್ತಿದೆಯಲ್ಲಾ ಅಂತ ಅತ್ತೆ ಸರಿಯಾಗಿ ಊಟಾನೇ ಮಾಡ್ತಿಲ್ಲ. ಅದಕ್ಕೇ ಹೋಗ್ತಾರೆ, ಪಕ್ಕ ಕೂತು ಆ ಹುಡುಗಿ ಹೆಸ್ರು ಹೇಳಿ ಬರ್ತಾರೆ. ಸೊಂಟ ನೋವು ಅಂದ್ರೂ ಕೇಳಲ್ಲ."

ಮನೆಗೆ ಬಂದು ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಿದೆ. ನನಗೆ ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಕೈಕಾಲು ಎಂದಿನಂತೆ ಕೆಲಸ ಮಾಡುತ್ತಿದ್ದವು, ಅಷ್ಟೆ.

ವಾರ ಬಿಟ್ಟು ಅವರ ಮನೆಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದರು. ನನಗೆ ವಿಷಯ ಗೊತ್ತಾಗಿದೆ ಎಂದು ಅವರಿಗೆ ಗೊತ್ತಿತ್ತು. ಸುತ್ತುಬಳಸಿ ಮಾತಾಡಲಿಲ್ಲ.

"ಅದನ್ನ ಅಳಿಸಿಬಿಡು ಮಗಾ."

"ನನ್ನ ಕಂಪ್ಯೂಟರಿನಲ್ಲಿ ಅಳಿಸಬಹುದು ದೊಡ್ಡಮ್ಮ. ಆದ್ರೆ ಎಲ್ಲರ ಫೋನಿಗೂ ಹೋಗಿಬಿಟ್ಟಿದೆ. ಅಲ್ಲಿಂದ ಅಳಿಸೋಕಾಗಲ್ಲ."

"ಯಾರ್ ಯಾರ ಫೋನಿಗೆ ಹೋಗೈತೆ, ಹೇಳು. ನಾನೇ ಹೋಗಿ ಕೇಳ್ಕೊತೀನಿ."

"ಯಾರ ಯಾರದ್ದು ಅಂತ ಗೊತ್ತಾಗಲ್ಲ."

ಇದು ಅವರಿಗೆ ಅರ್ಥವಾಗಲಿಲ್ಲ. ಉಳಿಯಲಿ ಎಂದು ಇಟ್ಟ ವೆಬ್‌ಸೈಟು ಅಳಿದು ಹೋದದ್ದನ್ನು ನಾನೇ ಅವರಿಗೆ ಹಿಂದೆ ಹೇಳಿದ್ದೆ. ಅಳಿಸು ಎಂದದ್ದು ಅಳಿಯುವುದಿಲ್ಲ ಎಂದು ಈಗ ಹೇಳುತ್ತಿದ್ದೆ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೋ ಎಂದು ಪರೀಕ್ಷಿಸುವಂತೆ.

ಮತ್ತೆ ಹಾಡಿಸೋಣವೆಂದರೆ ಅವರ ದನಿ ಹೋಗಿತ್ತು. ಎರಡು ಸಾಲಿಗೆ ಉಬ್ಬಸ ಬರುತ್ತಿತ್ತು.

ಆ ದಿನಗಳಲ್ಲೇ ಒಬ್ಬ ಮದುಮಗಳ ಅಣ್ಣ ನನ್ನ ಸ್ಟುಡಿಯೋಗೆ ಬಂದು ಒಂದು ಹೊಸ ಆ್ಯಪ್ ತೋರಿಸಿದ. ಯಾರದಾದರೂ ದನಿ ಸ್ವಲ್ಪ ಕೊಟ್ಟರೆ ಸಾಕು, ಆ ದನಿಯಲ್ಲಿ ನಾವು ಬರೆದ ಮಾತು ಹೇಳಿಸಬಹುದು. "ಆ ಅಜ್ಜಿ ದನೀಲಿ ನನ್ನ ತಂಗಿ ಹೆಸರು ಹಾಕಿಕೊಡಿ" ಎಂದ. ಮಾಡಿ ನೋಡಿದೆವು. ಬಂತು. ಅದೇ ದನಿ, ಹೆಸರಿನ ಕೊನೆಗೆ ಅದೇ ಎಳೆತ. ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ನನಗೆ ಅನ್ನಿಸಿತು. ಸತ್ತವಳ ಹೆಸರು ಹೋಗುತ್ತದೆ, ಪ್ರತಿ ಮದುಮಗಳಿಗೂ ಅವಳದೇ ಹೆಸರು ಸಿಗುತ್ತದೆ. ದೊಡ್ಡಮ್ಮನಿಗೆ ಕೇಳಿಸಿ ಒಪ್ಪಿಗೆ ತೆಗೆದುಕೊಂಡೇ ಕೊಡುತ್ತೇನೆ ಎಂದು ಆ ಹುಡುಗನಿಗೆ ಹೇಳಿ, ಫೋನಿಗೆ ಹಾಕಿಕೊಂಡು ಹೋದೆ.

ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು.

"ಇದು ನಾನಾ?"

"ನಿಮ್ಮದೇ ದನಿ ದೊಡ್ಡಮ್ಮ."

"ಈ ಹುಡುಗಿ ಯಾರು?"

"ಶನಿವಾರಸಂತೆ ಕಡೆಯವಳು."

"ಮನೇಲಿ ಏನಂತ ಕರೀತಾರೆ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ನಾನು ಹೋಗಿ ಕೇಳಿದ್ದಿಲ್ಲ, ಅವಳ ಮುಖ ಕಂಡಿದ್ದಿಲ್ಲ. ನನ್ನ ಬಾಯಲ್ಲಿ ಅವಳ ಹೆಸರು ಬಂದೈತೆ." ಫೋನನ್ನು ನನ್ನ ಕೈಗೆ ಕೊಟ್ಟರು. "ನಾನು ಸತ್ತ ಮೇಲೂ ಹಿಂಗೇ ಹೇಳ್ತಿರ್ತೈತಾ?"

"ಹೇಳ್ತದೆ."

"ಬ್ಯಾಡ ಕಣೋ."

ಆಮೇಲೆ ಅವರೇ ಕೇಳಿದರು.

"ಮಗಳ ಹೆಸರೊಂದನ್ನ ತೆಗೆಯೋಕೆ ಆಗ್ತೈತಾ?"

"ಆಗ್ತದೆ."

"ತೆಗಿ. ಬೇರೇದು ಏನೂ ಹಾಕ್ಬ್ಯಾಡ. ಜಾಗ ಹಂಗೇ ಬಿಡು. ಆಯಾ ಮನೆ ಹೆಂಗಸ್ರು ಅವರ ಹುಡುಗಿ ಹೆಸರು ಹೇಳ್ಕೊಳ್ಲಿ."

"ಹೆಸರು ಬಿಟ್ರೆ ಪದ ಕುಂಟ್ತೈತೆ ಅಂದಿದ್ರಿ."

"ಕುಂಟ್ಲಿ. ಕುಂಟಿದ್ರೆ ತಾನೇ ಯಾರಾದ್ರೂ ಕೈ ಕೊಡೋದು?"

ಹೊರಡುವಾಗ, "ಕತ್ತರಿಸಿದ್ದು ಎಲ್ಲಿಗೆ ಹೋಗ್ತೈತೆ?" ಎಂದರು.

"ಎಲ್ಲಿಗೂ ಇಲ್ಲ ದೊಡ್ಡಮ್ಮ. ಇಲ್ಲವಾಗ್ತದೆ. ಬೇಕಿದ್ರೆ ಬೇರೆ ತೆಗೆದಿಡ್ತೀನಿ."

ಅವರು ಪಕ್ಕದಲ್ಲಿದ್ದ ಮೊರದಿಂದ ಒಂದು ಮೆಣಸಿನ ಗೊಂಚಲು ತೆಗೆದು ಪೂರ್ತಿ ಬಿಡಿಸಿದರು. ಆಮೇಲೆ, "ಹೋಗ್ಲಿ ಬಿಡು" ಎಂದರು.

ಮರುದಿನ ಕೂತು ಹನ್ನೊಂದು ಪದಗಳಿಂದಲೂ ಆ ಹೆಸರನ್ನು ಒಂದೊಂದಾಗಿ ಕತ್ತರಿಸಿ ತೆಗೆದೆ. ಎಡಿಟಿಂಗಿನಲ್ಲಿ ದನಿಗೆ ಒಂದು ಆಕಾರ ಕಾಣುತ್ತದೆ. ಮೊದಲ ಏಳೆಂಟು ಸಲ ಕೇಳಿ ಕತ್ತರಿಸಿದೆ. ಆಮೇಲೆ ಕೇಳಬೇಕಾಗಲಿಲ್ಲ, ಆಕಾರ ನೋಡಿದರೇ ಆ ಹುಡುಗಿಯ ಹೆಸರು ಗೊತ್ತಾಗುತ್ತಿತ್ತು. ಕತ್ತರಿಸಿದ ಕಡೆ ಒಂದು ಉಸಿರಿನಷ್ಟು ಮೌನ ಉಳಿಯಿತು. ಹೊಸ ಪ್ರತಿಯನ್ನು ನನಗೆ ಗೊತ್ತಿದ್ದ ಸೌಂಡ್ ಸೆಟ್ಟಿನವರಿಗೆಲ್ಲ ಕಳಿಸಿ, ಹಳೆಯದನ್ನು ಹಾಕಬೇಡಿ, ಖಾಲಿ ಬಂದಲ್ಲಿ ಮದುಮಗಳ ಹೆಸರು ಹೇಳಿ ಎಂದು ಬರೆದೆ. ನನ್ನಲ್ಲಿದ್ದ ಹಳೆಯ ಪ್ರತಿಯನ್ನು ಅಳಿಸಿದೆ.

ಅದನ್ನು ಹಾಕಿದ ಮೊದಲ ಮದುವೆಗೆ ದೊಡ್ಡಮ್ಮನೂ ಬಂದಿದ್ದರು. ಸೌಂಡ್ ಸೆಟ್ಟು ನೆಲ್ಯಹುದಿಕೇರಿಯ ಒಬ್ಬರದ್ದು; ನಾವೆಲ್ಲ ಅವರನ್ನು ಮಲಯಾಳದ ರೂಢಿಯಂತೆ ಇಕ್ಕ, ಅಂದರೆ ಅಣ್ಣ, ಎನ್ನುತ್ತೇವೆ. ಪದ ಶುರುವಾಯಿತು. ಖಾಲಿ ಜಾಗ ಬಂತು. ಯಾರೂ ಏನೂ ಹೇಳಲಿಲ್ಲ. ಅರಿಶಿನ ಹಚ್ಚುತ್ತಿದ್ದ ಹೆಂಗಸರು ತಲೆಯೆತ್ತಿ ಸ್ಪೀಕರು ನೋಡಿದರು. ಇಕ್ಕ ಓಡಿ ಹೋಗಿ ವಯರು ಅಲ್ಲಾಡಿಸಿದರು. ಎರಡನೇ ಸಲವೂ ಹಾಗೇ. "ಅಣ್ಣಾ, ವಯರ್ ಸರಿ ಉಂಟು, ಈ ಫೈಲೇ ಹಾಳು" ಎಂದು ನನಗೆ ಕೂಗಿ ಹೇಳಿದರು. ಮೂರನೇ ಸಲ ದೊಡ್ಡಮ್ಮ ಆ ಉಬ್ಬಸದ ದನಿಯಲ್ಲೇ ಮದುಮಗಳ ಹೆಸರನ್ನು ಗಟ್ಟಿಯಾಗಿ ಹೇಳಿದರು. ಯಾರೋ ಮಕ್ಕಳು ನಕ್ಕರು. ನಾಲ್ಕನೇ ಸಲ ಬರುವ ಮೊದಲೇ ಮನೆಯವರು ಪದ ನಿಲ್ಲಿಸಿ ಸಿನಿಮಾ ಹಾಡು ಹಾಕಿಸಿದರು.

ಹೊಸ ಪ್ರತಿ ನಡೆಯಲಿಲ್ಲ. 'ಆಡಿಯೋ ಕಟ್ ಆಗ್ತಿದೆ ಸರ್' ಎಂದು ನಾಲ್ಕಾರು ಜನ ನನಗೇ ವಾಪಸ್ ಕಳಿಸಿದರು. ಹಳೆಯದು ನಡೆಯುತ್ತಲೇ ಹೋಯಿತು. ದೊಡ್ಡಮ್ಮನೂ ಹೋಗುತ್ತಲೇ ಇದ್ದರು, ಸೊಂಟ ಬಿಡುವ ತನಕ.

ಕೊನೆಯ ಒಂದು ವರ್ಷ ಅವರು ಮಂಚ ಬಿಟ್ಟು ಏಳಲಿಲ್ಲ. ಪ್ರತಿ ಗುರುವಾರ ಸಂಜೆ ಸೊಸೆಯ ಫೋನಿನಿಂದ ನನಗೆ ಕರೆ ಬರುತ್ತಿತ್ತು.

"ಈ ವಾರ ಯಾವ್ ಯಾವ ಮದುವೆ ಐತೆ ನಿಂಗೆ?"

ನಾನು ಬುಕ್ಕಿಂಗ್ ಪುಸ್ತಕ ತೆರೆದು ಹೇಳುತ್ತಿದ್ದೆ. ಊರು ಬೇಡ, ಮಂಟಪ ಬೇಡ, ಹುಡುಗಿಯ ಹೆಸರು ಬೇಕು. ಮನೆಯಲ್ಲಿ ಕರೆಯುವ ಹೆಸರು ಬೇಕು. ಅದಕ್ಕೋಸ್ಕರ ನಾನು ಬುಕ್ಕಿಂಗ್ ಮಾಡಿಸಲು ಬಂದವರನ್ನು ಕೇಳತೊಡಗಿದೆ. ಮದುಮಗಳನ್ನು ಮನೆಯಲ್ಲಿ ಏನಂತ ಕರೀತೀರಿ? ಜನ ವಿಚಿತ್ರವಾಗಿ ನೋಡಿ ಹೇಳುತ್ತಿದ್ದರು. ಆಲ್ಬಮ್ಮಿಗೆ ಬೇಕು ಎನ್ನುತ್ತಿದ್ದೆ. ಭಾನುವಾರ ಬೆಳಿಗ್ಗೆ ಅರಿಶಿನದ ಹೊತ್ತಿಗೆ ದೊಡ್ಡಮ್ಮ ಮಲಗಿದ್ದಲ್ಲೇ ಆ ಹೆಸರು ಹಿಡಿದು ಎರಡು ಸಾಲು ಹೇಳುತ್ತಾರೆ ಎಂದು ಸೊಸೆ ಹೇಳಿದ್ದಳು. ಯಾರಿಗೂ ಕೇಳಿಸುವಂಥದ್ದಲ್ಲ.

ತೀರಿಕೊಂಡ ದಿನ ಊಟ ಮುಗಿಸಿ ನಾನೂ ಹೆಂಡತಿಯೂ ಹೋದೆವು. ಗೋಡೆಗೆ ಒರಗಿಸಿ ಕೂರಿಸಿ, ಹೂವು ಹಾಕಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಯಜಮಾನರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ, "ಕಾಫಿ ಕುಡೀರಿ" ಎನ್ನುತ್ತಿದ್ದರು. ಮಗ ನನ್ನನ್ನು ನೋಡಿ ಒಂದು ಫೋಟೋ ತೆಗೆಯಲು ಹೇಳಿದ. ತೆಗೆದೆ. ಬೆಳಕು ಸಾಲದು ಎಂದು ಕಿಟಕಿ ತೆಗೆಸಿ ಇನ್ನೊಂದು ತೆಗೆದೆ. ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದೆವು.

ಮುಂದಿನ ಗುರುವಾರ ಸಂಜೆ ಸ್ಟುಡಿಯೋದಲ್ಲಿ ಕೂತಿದ್ದೆ. ಪುಸ್ತಕದಲ್ಲಿ ಮೂರು ಮದುವೆಗಳಿದ್ದವು. ಮೂರೂ ಹುಡುಗಿಯರ ಮನೆಯ ಹೆಸರನ್ನು ಕೇಳಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ಅಭ್ಯಾಸವಾಗಿಬಿಟ್ಟಿತ್ತು. ಫೋನು ಬರಲಿಲ್ಲ. ಏಳು ಗಂಟೆಯ ತನಕ ನೋಡಿ, ನಾನೇ ಆ ನಂಬರಿಗೆ ಕರೆ ಮಾಡಿದೆ. ಯಾಕೆ ಮಾಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಸೊಸೆ ತೆಗೆದಳು.

"ಹೇಳಿ ಅಣ್ಣ."

"ಏನಿಲ್ಲ. ಗುರುವಾರ ಅಂತ ಮಾಡಿದೆ."

ಆ ಕಡೆ ಪಾತ್ರೆ ಇಟ್ಟ ಸದ್ದು ಕೇಳಿಸಿತು.

"ಮೂರು ಮದುವೆ ಇದೆ ಈ ವಾರ" ಎಂದೆ.

"ಅಣ್ಣ, ನಂಗೆ ಪದ ಬರಲ್ಲ."

"ಗೊತ್ತಮ್ಮ. ಸುಮ್ಮನೆ ಮಾಡಿದೆ. ಇಡ್ತೀನಿ."

"ತಡೀರಿ" ಎಂದಳು. ಎದ್ದು ಹೋದದ್ದು, ಪೆನ್ನೋ ಕಾಗದವೋ ಹುಡುಕಿದ್ದು ಕೇಳಿಸಿತು. ತಿರುಗಿ ಬಂದು ಫೋನು ಹಿಡಿದಳು.

"ಹೂಂ, ಹೇಳಿ. ಮೊದಲ್ನೇ ಹುಡುಗಿ ಹೆಸ್ರೇನು?"